ಹುಲಿ ಬರೀ ಹುಲಿಯೇ

ಜಿಯೊಂಜು, ದಕ್ಷಿಣ ಕೊರಿಯಾ
೧೪ ಅಕ್ಟೋಬರ್ ೧೯೭೫

ಪ್ರೀತಿಯ ನಿಮಗೆ,

ಮೈ ಹೇಗಿದೆ? ಮಂಡಿನೋವು ಕಡಿಮೆಯಾಯಿತೇ? ನಾನು ಜೈಲಿನ ಬಾಗಿಲಲ್ಲಿ ಕೊಟ್ಟುಬಂದ ಉಣ್ಣೆಯ ಒಳಅಂಗಿ ಕೈಸೇರಿತೇ, ಇಲ್ಲ ಅದರಲ್ಲೂ ಗೂಢಾರ್ಥ ಇದೆಯೆಂದು ಹೊಲಿಗೆ ಬಿಚ್ಚಿ ನೋಡುತ್ತಿದ್ದಾರೋ? ಅತ್ತೆ ಚೆನ್ನಾಗಿದ್ದಾರೆ. ಈ ಸಲ ಚಳಿಗಾಲಕ್ಕೆ ಹಾಕಿಡುವ ಕಿಮ್ಚಿ ಉಪ್ಪಿನಕಾಯಿಗೆ ಎಷ್ಟು ಎಲೆಕೋಸು ತರಲಿ ಎಂದು ದಿನಕ್ಕೆ ಮೂರು ಸಲ ಕೇಳುತ್ತಾರೆ. ಮಗ ಚಳಿಗಾಲಕ್ಕೆ ಮನೆಗೆ ಬರುತ್ತಾನೋ ಇಲ್ಲವೋ ಎಂದು ಕೇಳುವ ಬಗೆ ಅದು.

ನನ್ನ ಹೋದ ಪತ್ರದಲ್ಲಿ ತಪಾಸಣೆಯವರು ಮೂರು ಸಾಲಿಗೆ ಮಸಿ ಬಳಿದಿದ್ದರು, ಅಲ್ಲಿ ಏನಿತ್ತು ಎಂದು ಕೇಳಿದ್ದೀರಿ. ನಮ್ಮ ಆಡು ಎರಡು ಮರಿ ಹಾಕಿತು ಎಂದಿತ್ತು, ಅಷ್ಟೇ. ಮಕ್ಕಳ ಪತ್ರಿಕೆಯಲ್ಲಿ ನಿಮ್ಮ ಕಥೆ ಬಂದ ಮೇಲೆ ಈ ಮನೆಯ ಆಡು ಆಡಲ್ಲ, ಕೋಳಿ ಕೋಳಿಯಲ್ಲ. ತನ್ನ ಅಪ್ಪಣೆಯಿಲ್ಲದೆ ಸೂರ್ಯ ಮುಳುಗಬಾರದು ಎನ್ನುವ ಹಲ್ಲುದುರಿದ ಹುಲಿ, ಹೌದೌದು ಎಂದು ತಲೆಯಾಡಿಸುವ ಮೊಲಗಳು! ಆ ಹುಲಿ ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆಗಸ್ಟಿನಲ್ಲಿ ಪೊಲೀಸರು ನಮ್ಮ ಜಗಲಿಯ ಮೇಲೆ ಕೂತು “ಈ ಹುಲಿ ಅಂದ್ರೆ ಯಾರಯ್ಯಾ?” ಎಂದು ಕೇಳಿದಾಗ ತೆಪ್ಪಗಿರಬಾರದಿತ್ತೇ? “ನಾನು ಬರೆದಿದ್ದು ಹುಲಿ ಅಂತ ಮಾತ್ರ. ಯಾರು ಅಂತ ನಿಮಗೇ ಹೊಳೆದಿದ್ರೆ ನೀವೇ ಹೇಳ್ಬಿಡಿ ಸ್ವಾಮಿ” ಎಂದಿರಿ. ಒಳಗೆ ಬಾರ್ಲಿ ಚಹಾ ಕಾಸುತ್ತಿದ್ದ ನಾನು ಒಲೆ ಆರಿಸಿ ನಿಮ್ಮ ಬಟ್ಟೆ ಗಂಟುಕಟ್ಟತೊಡಗಿದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದ ಹಿರಿಯರು ನಿಮ್ಮನ್ನು ನೋಡಿರಲಿಲ್ಲ.

ಮೊನ್ನೆ ಸಂತೆಯಲ್ಲಿ ಮೀನು ಮಾರುವ ಹಂಗೆಯಮ್ಮ ಎಲ್ಲರೆದುರು “ಅಲ್ಲ ಕಣೇ, ನಿಮ್ಮೆಜಮಾನ್ರು ಬೆಕ್ಕಿನ ಕಥೆ ಬರೀಬಾರ್ದಿತ್ತಾ? ಬೆಕ್ಕಿಗೆ ಯಾರೂ ಸಿಟ್ಟಾಗ್ತಿರ್ಲಿಲ್ಲ” ಎಂದಳು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ, ಮನೆಗೆ ಬಂದು ಅತ್ತೆ.. ಎಂದರೆ ಅತ್ತೆಗೆ ಕಾಣದಂತೆ ಹಿತ್ತಲಲ್ಲಿ ಕೂತು ಅತ್ತೆ.

ಅವರು ಕೇಳುತ್ತಿರುವುದು ಒಂದೇ ಸಾಲು: “ಹುಲಿ ಬರೀ ಹುಲಿಯೇ.” ತಿಂಗಳ ಕೊನೆಯೊಳಗೆ ಸಹಿ ಹಾಕಿದರೆ ಬಿಡುತ್ತಾರೆ. ಕಳೆದ ಭೇಟಿಯಲ್ಲಿ ನೀವೇನೆಂದಿರಿ? “ನಮ್ಮ ನಾಡಲ್ಲಿ ಬರೀ ಹುಲಿ ಎಲ್ಲಿದೆ? ಹಾಗಂತ ಬರ್ಕೊಟ್ರೆ ಕಥೆ ಓದಿದ ಮಕ್ಕಳ ಮುಖ ಹೇಗೆ ನೋಡ್ಲಿ?” ಮಕ್ಕಳ ಮುಖವಂತೆ! ಕಂಬಿಯ ಆಚೆ ನಿಂತ ಹೆಂಡತಿಯ ಮುಖ ಕಾಣಲಿಲ್ಲವೇ? ನನಗೆ ಸಿಟ್ಟು ಬಂದಿದೆ. ಬರೆಯುತ್ತ ಬರೆಯುತ್ತ ಇನ್ನೂ ಹೆಚ್ಚಾಗುತ್ತಿದೆ, ನಿಲ್ಲಿಸುತ್ತೇನೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಮಂಡಿಗೆ ಬೆಚ್ಚಗೆ ಬಟ್ಟೆ ಸುತ್ತಿಕೊಳ್ಳಿ.

ನಿಮ್ಮ
ಒಕ್ಬುನ್

ಮರೆತ ಮಾತು: ಮರೆತೆ ಎಂದರೆ ಸುಳ್ಳು, ಬರೆಯಲು ಹೆದರಿದ್ದೆ. ಅತ್ತೆಗೆ ಕನಸು ಬಿದ್ದಿದೆ. ಹುಲಿಮರಿಯೊಂದು ಅಂಗಳ ದಾಟಿ ಬಂದು ನನ್ನ ಮಡಿಲಲ್ಲಿ ಮಲಗಿತಂತೆ. ನಮ್ಮಲ್ಲಿ ಅಂಥ ಕನಸಿಗೆ ಅರ್ಥ ಒಂದೇ. ಸೂಲಗಿತ್ತಿಯೂ ನೋಡಿ, ಹೌದು, ಏಪ್ರಿಲ್ ಕೊನೆಗೆ ಎಂದಳು. ಮದುವೆಯಾಗಿ ಎಂಟು ವರ್ಷದ ಮೇಲೆ! ನೀವೇ ಗೆದ್ದಿರಿ, ಹುಲಿ ಬರೀ ಹುಲಿಯಲ್ಲ. ಆದರೂ ಸಹಿ ಹಾಕಿ ಬನ್ನಿ. ಪತ್ರ ತಪಾಸಣೆಯ ಸಾಹೇಬರೇ, ಈ ಹುಲಿ ದೊಡ್ಡವರು ಯಾರೂ ಅಲ್ಲ. ನೀವು ಹುಟ್ಟುವ ಮುಂಚೆ ನಿಮ್ಮ ಮನೆಯಲ್ಲೂ ಯಾರಿಗಾದರೂ ಇಂಥದೊಂದು ಕನಸು ಬಿದ್ದಿರುತ್ತದೆ. ಇದಕ್ಕೆ ಮಾತ್ರ ಮಸಿ ಬಳಿಯಬೇಡಿ.