ಫಕೀರವ್ವ ಇನ್ನೊಂದು ದಿನ ಕೇಳಿದ್ದು

ಗದಗ-ಬೆಟಗೇರಿ
ಇಸವಿ ೨೧೭೧, ಆಷಾಢದ ನಲವತ್ತೊಂದನೆಯ ದಿನ

ಪ್ರೀತಿಯ ಪ್ರಮೀಳಾ ಅಜ್ಜಿಗೆ ನಿಮ್ಮ ಮೊಮ್ಮಗಳ ಮೊಮ್ಮಗಳು ನೀಲವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಆಷಾಢಕ್ಕೆ ಮೂವತ್ತೇ ದಿನ ಎಂಬುದು ನಿಮ್ಮ ಕಾಲದ ಪಂಚಾಂಗ. ಮಳೆ ತನಗೆ ತೋಚಿದಾಗ ಬರತೊಡಗಿದ ಮೇಲೆ ನಮ್ಮ ಹಿರಿಯರು ಮಳೆಯನ್ನು ತಿದ್ದಲಾರದೆ ಪಂಚಾಂಗವನ್ನೇ ತಿದ್ದಿದರು. ಮೊದಲ ದೊಡ್ಡ ಮಳೆ ಬೀಳುವವರೆಗೆ ನಮ್ಮಲ್ಲಿ ಆಷಾಢ ಮುಗಿಯುವುದಿಲ್ಲ. ಹೋದ ವರ್ಷ ಎಪ್ಪತ್ತು ದಿನ ನಡೆಯಿತು. ಆಷಾಢದಲ್ಲಿ ಹೊಸ ಕೆಲಸ ಹಿಡಿಯಬಾರದೆಂಬ ರೂಢಿಯನ್ನು ಮಾತ್ರ ಯಾರೂ ಬಿಟ್ಟಿಲ್ಲ. ಹೀಗಾಗಿ ಕೈ ಖಾಲಿ ಇರುವ ಈ ದಿನಗಳಲ್ಲಿ ನಾವು ಹಿಂದಿನವರಿಗೆ ಕಾಗದ ಬರೆಯುತ್ತೇವೆ. ಇದಕ್ಕೆ ಹಿಂದೋಲೆ ಎನ್ನುತ್ತಾರೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬರೆಯುವುದಂತೂ ನಿಂತಿಲ್ಲ. ಹಿಂದಿನವು ತಲುಪಿರಲಿಕ್ಕಿಲ್ಲವೆಂದು ಪ್ರತಿ ಸಲವೂ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ನಮ್ಮ ಕನ್ನಡ ನಿಮಗೆ ವಿಚಿತ್ರವಾಗಿ ಕೇಳೀತೆಂದು ಹಳೆಯ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ನಿಮ್ಮ ಕಾಲದ ಮಾತಿನಲ್ಲಿ ಬರೆಯಲು ಒದ್ದಾಡುತ್ತಿದ್ದೇನೆ. ಎಲ್ಲಾದರೂ ಎಡವಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನೊಂದು ಮುಜುಗರವನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಎಣಿಸಿದ ಪ್ರಕಾರ ನಿಮಗೀಗ ಮೂವತ್ತನಾಲ್ಕು, ನನಗೆ ನಲವತ್ತೊಂಬತ್ತು. ವಯಸ್ಸಿನಲ್ಲಿ ನೀವು ನನ್ನ ತಂಗಿಯಾಗಬೇಕು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಸಿಟ್ಟಾಗಬೇಡಿ. ನೀವು ತಾಲ್ಲೂಕು ಕಚೇರಿಯ ರೇಷನ್ ಕಾರ್ಡಿನ ವಿಭಾಗದಲ್ಲಿ ಮನೆ ಮನೆ ತಿರುಗಿ ವಿಚಾರಣೆ ಮಾಡುತ್ತಿದ್ದಿರಿ, ಸಂಜೆ ಬಂದು ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಿರಿ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಈಗ ನಿಮ್ಮ ಸುತ್ತ ಓಡಾಡುತ್ತಿರುವ ಆ ನಾಲ್ಕು ವರ್ಷದ ಮಗಳೇ ಮುಂದೆ ಇದನ್ನು ಎಲ್ಲರಿಗೂ ಹೇಳಿದಳು. ಯಾಕೆ ಹಾಗೆ ಕೂರುತ್ತಿದ್ದಿರಿ ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ. ನನಗೆ ಈ ವರ್ಷ ಗೊತ್ತಾಯಿತು.

ನಿಮ್ಮ ಕೆಲಸವೇ ನನ್ನದೂ. ನನ್ನನ್ನು ಕಾಳಿನ ಕಾರಕೂನಳು ಎನ್ನುತ್ತಾರೆ. ದುಡಿಯಲಾಗದವರಿಗೆ, ದುಡಿದರೂ ಸಾಲದವರಿಗೆ ಸರ್ಕಾರ ತಿಂಗಳಿಗೊಮ್ಮೆ ಜೋಳ, ಬೇಳೆ, ಎಣ್ಣೆ ಕೊಡುತ್ತದೆ. ಅದಕ್ಕೆ ಕಾಳುಪಾಲು ಎಂದು ಹೆಸರು. ಪಾಲು ಬೇಕಾದವರು ಕಚೇರಿಗೆ ಬಂದು ಸಾಲಿನಲ್ಲಿ ನಿಲ್ಲುವ ಪದ್ಧತಿ ನಮ್ಮಲ್ಲಿ ಇಲ್ಲ. ನಾವೇ ಹೇಳಿದ ದಿನ ಅವರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ಹದಿನೇಳು ಪ್ರಶ್ನೆ ಕೇಳುತ್ತೇವೆ. ಒಲೆಯ ಪಕ್ಕ ನಡೆಯುವುದರಿಂದ ಇದು ಒಲೆಮಾತು. ನನ್ನ ಕೊರಳಲ್ಲಿ ಹುಣಸೆಬೀಜದಷ್ಟು ದೊಡ್ಡದೊಂದು ಕಣ್ಮಣಿ ಇರುತ್ತದೆ. ಅದು ಕಂಡದ್ದನ್ನೂ ಕೇಳಿದ್ದನ್ನೂ ನೇರವಾಗಿ ತೂಕದ ಮನೆಗೆ ಕಳಿಸುತ್ತದೆ. ಪಾಲು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಕಚೇರಿ ಅದು. ಅಲ್ಲಿ ಕೂತವರು ಬುದ್ಧಿವಂತರೇ, ಆದರೆ ಯಾರ ಮನೆಯ ಹೊಸ್ತಿಲನ್ನೂ ದಾಟಿದವರಲ್ಲ.

ಈ ಸಲ ಜ್ಯೇಷ್ಠದಲ್ಲಿ ಫಕೀರವ್ವನ ಮನೆಗೆ ಒಲೆಮಾತಿಗೆ ಹೋದೆ. ಆಕೆಗೆ ಅರವತ್ತಾರು. ಕಪ್ಪತಗುಡ್ಡದ ಗಾಳಿಯಂತ್ರಗಳ ರೆಕ್ಕೆಗೆ ಬಟ್ಟೆಯ ಹೊದಿಕೆ ಹೊಲಿಯುವ ಕೆಲಸವನ್ನು ನಲವತ್ತು ವರ್ಷ ಮಾಡಿದವಳು. ಈಗ ಬೆರಳುಗಳಿಗೆ ಸೂಜಿ ಹಿಡಿದದ್ದೇ ತಿಳಿಯುವುದಿಲ್ಲ. ಮದುವೆಯಾಗಲಿಲ್ಲ, ಯಾರ ಹಂಗಿನಲ್ಲೂ ಇರಲಿಲ್ಲ. ಓಣಿಯವರು ಬಲವಂತ ಮಾಡಿದ್ದಕ್ಕೆ ಅರ್ಜಿ ಹಾಕಿದ್ದಳು. ನಾನು ಹೋಗುವ ಹೊತ್ತಿಗೆ ನೆಲ ಸಾರಿಸಿ, ಚಾಪೆ ಹಾಸಿ, ತಾಟು ಸಿದ್ಧ ಮಾಡಿ ಕಾಯುತ್ತಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು, ಕಡೆಗೆ ತುಪ್ಪ ಹಾಕಿದ ಹೋಳಿಗೆ. ಅಜ್ಜಿ, ನಮ್ಮ ಕಾಲದಲ್ಲಿ ತುಪ್ಪವೆಂದರೆ ಮದುವೆ ಮನೆಯಲ್ಲಿ ಮೂಸಿ ನೋಡುವ ಪದಾರ್ಥ. ಮೊದಲು ಪ್ರಶ್ನೆ ಕೇಳುತ್ತೇನೆ ಎಂದರೆ "ಉಣ್ಣವ್ವ, ಮಾತು ಆಮ್ಯಾಲೆ" ಎಂದಳು. ಉಣ್ಣುತ್ತ ಕೇಳಿದರೆ ಯಾವ ಪ್ರಶ್ನೆಗೂ "ಅದ್ಯಾಕ ಬೇಕು ಈಗ, ಇನ್ನೊಂದು ಹೋಳಿಗಿ ಹಾಕ್ಕೋ" ಎಂಬುದೇ ಉತ್ತರ. ನನಗೂ ಬೆಳಗಿನಿಂದ ಮೂರು ಮನೆ ತಿರುಗಿ ಹಸಿವಾಗಿತ್ತು. ಎರಡು ಹೋಳಿಗೆ ತಿಂದೆ. ಬೇಡ ಎಂದರೆ ಆಕೆಗೆ ನೋವಾದೀತೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೋಳಿಗೆ ಬಹಳ ಚೆನ್ನಾಗಿತ್ತು.

ಮೂರನೆಯ ದಿನ ತೂಕದ ಮನೆಯಿಂದ ಉತ್ತರ ಬಂತು. ಮನೆಯಲ್ಲಿ ತುಪ್ಪ, ಹೋಳಿಗೆ, ಕೆನೆಮೊಸರು ಕಂಡಿವೆ, ಅರ್ಜಿದಾರಳು ಯಾವ ತೊಂದರೆಯನ್ನೂ ಹೇಳಿಕೊಂಡಿಲ್ಲ, ಪಾಲಿನ ಅಗತ್ಯ ಕಾಣುವುದಿಲ್ಲ ಎಂದು ಬರೆದಿದ್ದರು. ಒಮ್ಮೆ ಹೀಗೆ ತೀರ್ಮಾನವಾದರೆ ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕು. ಕಣ್ಮಣಿ ಕಂಡ ದೃಶ್ಯವನ್ನು ಮತ್ತೆ ಹಾಕಿ ನೋಡಿದೆ. ಪಾತ್ರೆಗಳ ಮೇಲೆ ಹೆಸರು ಹೊಡೆಸುವ ನಿಮ್ಮ ಕಾಲದ ರೂಢಿ ನಮ್ಮಲ್ಲಿ ಇನ್ನೂ ಇದೆ. ತುಪ್ಪದ ಬಟ್ಟಲಿನ ಮೇಲೆ ದ್ಯಾಮವ್ವ ಕೋರಿ ಎಂದಿತ್ತು. ಮೊಸರಿನ ಪಾತ್ರೆಯ ಮೇಲೆ ಹುಸೇನಬಿ. ನಾನು ಉಂಡ ತಾಟೂ ಪಕ್ಕದ ಮನೆಯದು. ನೀರಿನ ತಂಬಿಗೆಯ ಮೇಲೆ ಮಾತ್ರ ಫಕೀರವ್ವನ ಹೆಸರಿತ್ತು. ಮನೆಗೆ ಬಂದವರನ್ನು ಬರೀ ನೀರು ಕೊಟ್ಟು ಕಳಿಸಬಾರದೆಂದು ಆಕೆ ಓಣಿಯನ್ನೆಲ್ಲ ಬೇಡಿ ತಂದು ಬಡಿಸಿದ್ದಳು. ತನ್ನ ಬಡತನವನ್ನು ನೋಡಲು ಬಂದವಳಿಗೆ ಅದನ್ನು ಕಾಣಗೊಡದೆ ಕಳಿಸಿದ್ದಳು. ನಾನು ಉಂಡೆದ್ದು ಬಂದಿದ್ದೆ.

ಇದನ್ನೆಲ್ಲ ತೂಕದ ಮನೆಗೆ ಬರೆದೆ. ಕಾರಕೂನರ ಊಹೆಗೆ ಬೆಲೆಯಿಲ್ಲ, ಬೇಕಾದರೆ ಅರ್ಜಿದಾರಳೇ ತನ್ನ ಬಾಯಿಂದ ಒಂಬತ್ತು ದಿನದೊಳಗೆ ಒಲೆಮಾತಿಗೆ ಬೇರೆ ದಿನ ಕೇಳಿಕೊಳ್ಳಲಿ ಎಂದು ಉತ್ತರ ಬಂತು. ಏಳನೆಯ ದಿನ ಕಣ್ಮಣಿಯನ್ನು ತೆಗೆದಿಟ್ಟು ಫಕೀರವ್ವನ ಮನೆಗೆ ಹೋದೆ. ಬೇರೆ ದಿನ ಕೇಳು ಎಂದೆ. ಆಕೆ ಒಪ್ಪಲಿಲ್ಲ. ಒಂದು ಸಲ ಅರ್ಜಿ ಹಾಕಿದ್ದಕ್ಕೇ ಮುಖ ಎತ್ತಿ ತಿರುಗಲಾಗುತ್ತಿಲ್ಲ, ಇಲ್ಲವೆಂದ ಮೇಲೆ ಇಲ್ಲ, ಎರಡನೇ ಸಲ ಕೈಚಾಚುವ ಜಾತಿ ತನ್ನದಲ್ಲ ಎಂದಳು. ಗಂಟೆಗಟ್ಟಲೆ ಗೋಗರೆದೆ. ಕಡೆಗೆ ಬೇಸತ್ತು ಒಂದು ಸುಳ್ಳು ಹೇಳಿದೆ. ಒಲೆಮಾತನ್ನು ನೆಟ್ಟಗೆ ನಡೆಸಲಿಲ್ಲವೆಂದು ಮೇಲಿನವರು ನನ್ನ ಮೇಲೆ ಸಿಟ್ಟಾಗಿದ್ದಾರೆ, ನೀನು ಬೇರೆ ದಿನ ಕೇಳದಿದ್ದರೆ ನನ್ನನ್ನು ಬೀದರಿಗೆ ವರ್ಗ ಮಾಡುತ್ತಾರೆ ಎಂದೆ.

ಫಕೀರವ್ವ ಅಲ್ಲಿಂದಲೇ ಎದ್ದಳು. "ನನ್ನ ಮನ್ಯಾಗ ಉಂಡು ಹೋದಾಕಿಗೆ ನನ್ನಿಂದ ತ್ರಾಸ ಆಗಬಾರ್ದು" ಎಂದವಳೇ ಸೆರಗು ಬಿಗಿದು ಓಣಿಯ ಮೂಲೆಯ ಅರ್ಜಿಕಟ್ಟೆಗೆ ನಡೆದಳು. ಅದೊಂದು ಕಲ್ಲಿನ ಕಟ್ಟೆ. ಅಲ್ಲಿ ನಿಂತು ಆಡಿದ ಮಾತು ಕಚೇರಿಯನ್ನು ಮುಟ್ಟುತ್ತದೆ. "ಆ ಹುಡುಗೀದೇನೂ ತಪ್ಪಿಲ್ರೀ. ನಾನೇ ಆಕೀಗೆ ಮಾತಾಡಾಕ ಬಿಡದ ಉಣ್ಣಿಸೀನಿ. ಪಾಪ, ಆಕೀಗೆ ಇನ್ನೊಂದು ದಿನ ಕೊಡ್ರಿ" ಎಂದಳು. ತನಗಾಗಿ ತೆರೆಯದ ಬಾಯಿ ನನಗಾಗಿ ತೆರೆಯಿತು. ನಲವತ್ತೊಂಬತ್ತರ ನನ್ನನ್ನು ಯಾರಾದರೂ ಹುಡುಗಿ ಎಂದು ಕರೆದು ಎಷ್ಟೋ ವರ್ಷವಾಗಿತ್ತು. ಆಕೆಯ ಮೇಲೆ ಅಷ್ಟು ಪ್ರೀತಿ ಬಂತು. ಮುಂದಿನ ಮಂಗಳವಾರಕ್ಕೆ ದಿನ ಸಿಕ್ಕಿತು.

ಆ ಮಂಗಳವಾರ ನನ್ನ ಬುತ್ತಿಯನ್ನು ನಾನೇ ಕಟ್ಟಿಕೊಂಡು ಹೋದೆ. ಏನನ್ನಾದರೂ ಬಡಿಸಿದರೆ ನನಗೆ ಬೀದರೇ ಗತಿ ಎಂದು ಮೊದಲೇ ಹೆದರಿಸಿದ್ದೆ. ಆಕೆ ಪಟ್ಟ ಸಂಕಟವನ್ನು ನೀವು ನೋಡಬೇಕಿತ್ತು. ಎರಡು ಸಲ ಡಬ್ಬಿಗಳ ಕಡೆಗೆ ಎದ್ದು ಹೋಗಿ, ನೆನಪಾಗಿ ವಾಪಸು ಬಂದಳು. ಕಡೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತಳು. ಆಮೇಲೆ ಒಂದೊಂದಾಗಿ ಉತ್ತರ ಹೇಳಿದಳು. ಹನ್ನೊಂದನೆಯ ಪ್ರಶ್ನೆ, ಕಳೆದ ಮೂರು ವಾರದಲ್ಲಿ ಎಷ್ಟು ದಿನ ಊಟವಿಲ್ಲದೆ ಮಲಗಿದ್ದೀರಿ ಎಂಬುದು. ಐದು ಎಂದಳು. ಈ ಪ್ರಶ್ನೆಯನ್ನು ಸಾವಿರಾರು ಮನೆಗಳಲ್ಲಿ ಕೇಳಿದ್ದೇನೆ, ಆದರೂ ಆಗ ಹನ್ನೆರಡನೆಯದನ್ನು ಸ್ವಲ್ಪ ಹೊತ್ತು ಬದಿಗಿಟ್ಟೆ. ಬುತ್ತಿ ಬಿಚ್ಚಿ ಇಬ್ಬರೂ ಉಂಡೆವು. ನನ್ನ ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎಂದು ಬೈದಳು.

ನಾಲ್ಕು ದಿನದ ಹಿಂದೆ ಪಾಲು ಮಂಜೂರಾಗಿದೆ. ಶ್ರಾವಣ ಹುಟ್ಟಿದ ದಿನದಿಂದ ಫಕೀರವ್ವನಿಗೆ ತಿಂಗಳು ತಿಂಗಳು ಕಾಳು ಬರುತ್ತದೆ. ಅದಕ್ಕೇ ಈ ವರ್ಷ ಮಳೆಗಾಗಿ ಆಕಾಶವನ್ನು ಇಷ್ಟೊಂದು ನೋಡುತ್ತಿದ್ದೇನೆ. ಸುದ್ದಿ ಹೇಳಿದಾಗ, ನಿನ್ನ ವರ್ಗ ತಪ್ಪಿತಲ್ಲ, ಅಷ್ಟು ಸಾಕು ಎಂದಳು. ನನ್ನ ಸುಳ್ಳು ಆಕೆಗೆ ಮೊದಲೇ ತಿಳಿದಿತ್ತೋ ಏನೋ, ಕೇಳುವ ಧೈರ್ಯ ನನಗಿಲ್ಲ.

ಅಜ್ಜಿ, ಪ್ರತಿ ವರ್ಷ ನಿಮಗೆ ಮಳೆ, ಬೆಳೆ, ಮನೆಯ ಕಥೆ ಬರೆಯುತ್ತಿದ್ದೆ. ಈ ಸಲ ಬರೆಯಲು ಬೇರೆ ಕಾರಣವಿದೆ. ಆ ಮಂಗಳವಾರ ಕಣ್ಮಣಿಯನ್ನು ತೆಗೆದು ಚೀಲಕ್ಕೆ ಹಾಕಿ ಹೊರಟಾಗ ಫಕೀರವ್ವ ಬಾಗಿಲ ತನಕ ಬಂದಳು. ಮೆಲ್ಲಗೆ, "ಆ ಐದು ದಿನದಾಗ ನೀ ಹೋಳಿಗಿ ಉಂಡ ದಿನಾನೂ ಐತಿ. ತಂದದ್ದು ಒಬ್ಬರಿಗಷ್ಟ ಆಗೋದಿತ್ತು. ಯಾರ ಮುಂದೂ ಹೇಳಬ್ಯಾಡ" ಎಂದಳು. ಹೇಳುವುದಿಲ್ಲವೆಂದು ಮಾತು ಕೊಟ್ಟೆ. ನನ್ನ ಕಾಲದ ಯಾರಿಗೂ ಹೇಳಿಲ್ಲ. ಒಳಗೇ ಇಟ್ಟುಕೊಳ್ಳಲೂ ಆಗಲಿಲ್ಲ. ಸಂಜೆ ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕೂತುಬಿಟ್ಟೆ. ಆಗ ನೀವು ನೆನಪಾದಿರಿ.

ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕಿ. ನಾಳೆ ನೀವು ಹೋಗುವ ಯಾವ ಮನೆಯಲ್ಲಾದರೂ ತಾಟು ತುಂಬಿ ಬಂದರೆ ಬೇಡವೆನ್ನಬೇಡಿ. ಬಡಿಸಿದಾಕೆಯ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ತಾಟಿನಲ್ಲಿ ಇಬ್ಬರೂ ಉಣ್ಣಿ. ನಾನು ಒಬ್ಬಳೇ ಉಂಡೆ.

ನಿಮ್ಮ
ನೀಲವ್ವ