ರಕ್ತ ಹೋಗ್ತಿಲ್ಲ ಅಂದಿದ್ದಿರಿ

ಅಪ್ಪಾ,

ಇವತ್ತು ಶರಣನ ತಲೆನೋವಿಗೆಂದು ಜಯನಗರದ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ಅಮ್ಮನೂ ಬಂದಿದ್ದಳು. ಬಣ್ಣದ ಚುಕ್ಕೆಗಳ ನಡುವೆ ಇದ್ದ ಅಂಕಿ ನಿಮ್ಮ ಮೊಮ್ಮಗನಿಗೆ ಕಾಣಲೇ ಇಲ್ಲ.

"ಕೆಂಪು, ಹಸಿರು ಇವನಿಗೆ ಸರಿಯಾಗಿ ಗೊತ್ತಾಗಲ್ಲ. ತಾಯಿ ಕಡೆಯಿಂದ ಬರುತ್ತೆ. ನಿಮ್ಮ ತಂದೆಗೂ ಇತ್ತಾ ಮೇಡಂ?"

ಇಲ್ಲ ಎಂದೆ. ಅಮ್ಮ ನೆಲ ನೋಡುತ್ತಾ, "ಇತ್ತು," ಎಂದಳು.

ಹೊರಗೆ ಬಂದು ಕೇಳಿದೆ. "ಮದುವೆಗೆ ಮುಂಚೆ ಮುಚ್ಚಿಟ್ಟಿದ್ರು. ಆಮೇಲೆ ಯಾರಿಗೂ ಹೇಳ್ಬೇಡ ಅಂದ್ರು. ನಾನೂ ಹೇಳ್ಲಿಲ್ಲ ಕಣೆ."

ನೀವು ಕಾಯಿಲೆ ಬಿದ್ದಿದ್ದಾಗ, ಮೋಷನ್‌ನಲ್ಲಿ ರಕ್ತ ಹೋಗುತ್ತಿದೆಯಾ ಎಂದು ಡಾಕ್ಟರು ಕೇಳಿದಾಗಲೆಲ್ಲ ನೀವು ಇಲ್ಲ ಎಂದಿರಿ. ನಿಮ್ಮ ಕಣ್ಣಿಗೆ ಆ ಕೆಂಪೂ ಕಂದು ಬಣ್ಣವಾಗಿಯೇ ಕಂಡಿರಬೇಕು. ಕರುಳಿನ ಕ್ಯಾನ್ಸರ್ ಲಿವರ್‌ಗೆ ಹಬ್ಬಿದೆ ಎಂದು ಗೊತ್ತಾದ ದಿನ ವಾರ್ಡಿನಲ್ಲಿ ಎಲ್ಲರೆದುರು ಕೂಗಿದೆ: "ಯಾಕಪ್ಪಾ ಸುಳ್ಳು ಹೇಳಿದ್ರಿ?" ನೀವು ಗೋಡೆಯ ಕಡೆ ತಿರುಗಿ ಮಲಗಿದಿರಿ. ಅಮ್ಮ ಪಕ್ಕದಲ್ಲೇ ಕೂತು ಮೂಸಂಬಿ ಸುಲಿಯುತ್ತಿದ್ದಳು.

ಇವತ್ತು ಬನಶಂಕರಿಗೆ ವಾಪಸ್ ಬರುವಾಗ ಆಟೋದಲ್ಲಿ ಅವಳು ಶರಣನ ಕಿವಿಯಲ್ಲಿ, "ಸ್ಕೂಲಲ್ಲಿ ಯಾರಿಗೂ ಹೇಳ್ಬೇಡ ಪುಟ್ಟಾ," ಎಂದಳು. ನನಗೆ ಕೇಳಿಸಿತು.

"ಎಲ್ರಿಗೂ ಹೇಳು," ಎಂದೆ ಅವನಿಗೆ. "ಟೀಚರ್‌ಗೆ ಹೇಳು, ಡಾಕ್ಟರ್‌ಗೆ ಹೇಳು. ನಗೋರು ನಗ್ಲಿ. ಬಾತ್‌ರೂಮಲ್ಲಿ ಏನೋ ಬೇರೆ ಥರ ಇದೆ ಅನ್ಸಿದ್ರೆ ನನ್ನ ಕರಿ, ನಾನು ನೋಡ್ತೀನಿ."

ಮನೆ ಬರುವವರೆಗೂ ಅಮ್ಮ ನನ್ನೊಡನೆ ಮಾತಾಡಲಿಲ್ಲ. ನೀವಿದ್ದಿದ್ದರೆ ನೀವೂ ಮಾತಾಡುತ್ತಿರಲಿಲ್ಲ.

ಅಂಜನಾ