ಹನ್ನೊಂದು ಟಕ್ಕಿನ ಮೆಷಿನ್ನು

ಚಿರಂಜೀವಿ ಪ್ರಮೋದನಿಗೆ,

ಸೋದರಮಾವನಾದವನು ಆಶೀರ್ವಾದದಿಂದ ಕಾಗದ ಶುರು ಮಾಡಬೇಕೆಂಬುದು ಪದ್ಧತಿ. ಈ ಸಲ ಆಶೀರ್ವಾದವನ್ನು ಜಪ್ತಿ ಮಾಡಿದ್ದೇನೆ. ಕೊನೆಯ ಸಾಲಿನವರೆಗೆ ಓದಿದರೆ ಬಿಡುಗಡೆ. ಫೋನಿನಲ್ಲೇ ಬೈಯಬಹುದಿತ್ತು, ಆದರೆ ನನ್ನ ದನಿ ಏರಿದ ಕೂಡಲೇ ನಿನ್ನ ಪುಣೆಯಲ್ಲಿ ಸಿಗ್ನಲ್ ಇಳಿಯುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ.

ಆರು ವಾರದ ಟ್ರೈನಿಂಗಿಗೆ ಹೊರಡುವ ಹಿಂದಿನ ದಿನ ನೀನೊಂದು ಘನಕಾರ್ಯ ಮಾಡಿಹೋದೆ. ನಿಮ್ಮಪ್ಪ ತಂದು ನಿಲ್ಲಿಸಿದ್ದ, ಇಪ್ಪತ್ತೆಂಟು ವರ್ಷ ದುಡಿದ, ಮೇಲಿನಿಂದ ಬಟ್ಟೆ ಹಾಕುವ ಆ ಹಳೆಯ ವಾಷಿಂಗ್ ಮೆಷಿನ್ನನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಅದರ ಜಾಗದಲ್ಲಿ ತಿರುಗಣೆಯೇ ಇಲ್ಲದ, ಬೆರಳು ತಾಕಿದರೆ ಓಡುವ ಗಾಜಿನ ಹಣೆಯ ಹೊಸದೊಂದನ್ನು ತಂದೆ. ಅದಕ್ಕೆ ಹದಿನಾರು ಬಗೆಯ ಒಗೆತ ಗೊತ್ತಂತೆ. ಒಗೆದು ಮುಗಿಸಿದರೆ ಹಾಡೂ ಹೇಳುತ್ತದಂತೆ. ಬಟ್ಟೆ ಒಗೆಯುವವರು ಹಾಡುವುದು ಹೊಸದೇನಲ್ಲ, ನಮ್ಮಕ್ಕನೂ ಹಾಡುತ್ತಿದ್ದಳು. ಈಗ ನಿಲ್ಲಿಸಿದ್ದಾಳೆ.

ನಿನ್ನ ಅಮ್ಮ ಅಂಜಿನಮ್ಮನಿಗೆ ಕಣ್ಣು ಕಾಣುವುದಿಲ್ಲ ಎಂಬ ಸುದ್ದಿಯನ್ನು ಎಂಟು ವರ್ಷದ ನಂತರ ನಿನಗೆ ಕಾಗದದಲ್ಲಿ ತಿಳಿಸಬೇಕಾಗಿ ಬಂದದ್ದಕ್ಕೆ ವಿಷಾದಿಸುತ್ತೇನೆ.

ಹಳೆಯ ಮೆಷಿನ್ನಿನ ತಿರುಗಣೆ ನೆನಪಿದೆಯೇ? ಅದರ ಸುತ್ತ ಬರೆದಿದ್ದ ಅಕ್ಷರಗಳೆಲ್ಲ ನಿನ್ನ ಹೈಸ್ಕೂಲು ಮುಗಿಯುವ ಮೊದಲೇ ಅಳಿಸಿಹೋಗಿದ್ದವು. ಯಾರಿಗೂ ನಷ್ಟವಾಗಲಿಲ್ಲ. ಅಕ್ಕ ಅದನ್ನು ತಿರುಗಿಸುವಾಗ ಬರುವ ಟಕ್ಕು ಎಣಿಸುತ್ತಿದ್ದಳು. ಮೂರು ಟಕ್ಕಿಗೆ ನಾಜೂಕು ಸೀರೆ, ಏಳಕ್ಕೆ ದಿನಬಳಕೆ, ಹನ್ನೊಂದಕ್ಕೆ ಗ್ರೀಸು ಮೆತ್ತಿದ ಯೂನಿಫಾರ್ಮು. ಎಷ್ಟು ಸಲ ತಡವಿದರೂ ಆ ಮೆಷಿನ್ನು ಸುಮ್ಮನೆ ತಡವಿಸಿಕೊಳ್ಳುತ್ತಿತ್ತು. ತಿರುಗಣೆಯನ್ನು ಹೊರಕ್ಕೆ ಎಳೆದರೆ ಮಾತ್ರ ನೀರು ಬಿಡುತ್ತಿತ್ತು, ಒಳಕ್ಕೆ ಒತ್ತಿದರೆ ನಿಲ್ಲುತ್ತಿತ್ತು. ನೋಡುವುದು ಬೇರೆ, ಅಪ್ಪಣೆ ಕೊಡುವುದು ಬೇರೆ ಎಂಬಷ್ಟು ವಿವೇಕ ಅದಕ್ಕಿತ್ತು. ಮರೆತ ಕಾಲುಚೀಲವನ್ನು ನಡುವೆ ಮುಚ್ಚಳ ಎತ್ತಿ ಹಾಕಬಹುದಿತ್ತು. ನೀರು ಹಿಂಡುವ ಹೊತ್ತಿಗೆ ದಡಬಡ ಕುಣಿದರೆ ಅಕ್ಕ ಮುಚ್ಚಳದ ಮೇಲೆ ಅಂಗೈ ಇಟ್ಟು, ಬೆಡ್‌ಶೀಟು ಯಾವ ಕಡೆ ಗುಂಪುಗೂಡಿದೆ ಎಂದು ಹೇಳಿಬಿಡುತ್ತಿದ್ದಳು. ಜಾಲಿಸುವ ಸದ್ದು ಶುರುವಾದರೆ ಅವಳ ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತು. ಮಹಡಿಯ ಮೇಲಿನ ಸೆಲ್ವಿಯ ಮನೆಯ ಕಂಪನಿ ಬಟ್ಟೆಗಳೂ ಇವಳ ಕೈಗೇ ಬರುತ್ತಿದ್ದವು. "ಅಕ್ಕಾ, ನಿಮ್ ಕೈಲಿ ಬಿದ್ರೆ ಆಯಿಲ್ ಕರೆ ತಾನಾ ಓಡೋಗ್ತದೆ" ಎಂದು ಅವಳು ಅಂದದ್ದನ್ನು ಅಕ್ಕ ನನಗೇ ನಾಲ್ಕು ಸಲ ಹೇಳಿದ್ದಾಳೆ.

ಬುಧವಾರ ನಾನು ಮನೆಗೆ ಹೋದಾಗ ಅಕ್ಕ ಹೊಸ ಮೆಷಿನ್ನಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು. ಚಳಿಯೇನಕ್ಕ ಎಂದೆ. ಅಲ್ಲವಂತೆ, ಕೈ ತಪ್ಪಿ ತಾಕೀತೆಂದು.

"ಕೈಯಿಟ್ಟು ನೋಡಾಣ ಅಂದ್ರೆ ಅಷ್ಟ್ರಲ್ಲೇ ಹೊಲ್ಟೋಯ್ತದೆ ಕಣ್ಲಾ. ನೋಡಕ್ಕೇ ಬುಡಲ್ಲ ಅದು."

ನಡೆದದ್ದಿಷ್ಟು. ಅವಳಿಗೆ ಗುರುತು ಸಿಗಲೆಂದು ಸೆಲ್ವಿ ಆ ಗಾಜಿನ ಮೇಲೆ ಮೂರು ಬೊಟ್ಟಿನ ಸ್ಟಿಕ್ಕರ್ ಅಂಟಿಸಿದ್ದಳು. ಮೊದಲನೆಯದು ಎಬ್ಬಿಸಲು, ನಡುವಿನದು ಬಿಸಿನೀರಿಗೆ, ಮೂರನೆಯದು ಓಡಿಸಲು. ಅಕ್ಕ ಮೊದಲನೆಯದನ್ನು ಒತ್ತಿ ಮೂರನೆಯದನ್ನು ಹುಡುಕುತ್ತ ಹೋದಳು. ದಾರಿಯಲ್ಲಿ ಬೆರಳು ನಡುವಿನದನ್ನು ಸವರಿತು. ನಿನ್ನ ಮುಟ್ಟಿದರೆ-ಮುನಿಗೆ ಸವರಿದರೂ ಅಪ್ಪಣೆಯೇ. ತಣ್ಣೀರಿನಲ್ಲಿ ಹತ್ತು ವರ್ಷ ನಿಯತ್ತಾಗಿದ್ದ ಕೆಂಪು ಟವೆಲ್ಲು ಬಿಸಿನೀರು ಕಂಡದ್ದೇ ಬಣ್ಣ ಬಿಟ್ಟಿತು. ಬಿಸಿಯ ವಾಸನೆ ಅಕ್ಕನಿಗೆ ಕೂಡಲೇ ತಿಳಿಯಿತು. ಮುಚ್ಚಳ ಎತ್ತಲು ನೋಡಿದಳು. ಅದು ಒಳಗಿನಿಂದ ಬೀಗ ಹಾಕಿಕೊಂಡು ಮುಕ್ಕಾಲು ಗಂಟೆ ಕೂತಿತು, ಆಮೇಲೆ ಹಾಡು ಹೇಳಿತು. ನಿನ್ನ ಆರು ಬಿಳಿ ಶರಟುಗಳು ಈಗ ಗುಲಾಬಿ. ನಮ್ಮ ಹೊಸೂರು ಗುಲಾಬಿಗೆ ಹೆಸರಾದ ಊರು, ನೀನೂ ಹೆಮ್ಮೆಪಡಬಹುದು.

ಶರಟಿನ ವಿಷಯ ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿದಳು. ಮುರಿದಿದ್ದೇನೆ. ಶರಟು ಕೆಟ್ಟ ದಿನವೇ ಸೆಲ್ವಿಗೆ, ಇನ್ನು ಬಟ್ಟೆ ತರಬೇಡವ್ವಾ, ನನ್ನ ಕೈಲಾಗಲ್ಲ ಎಂದಳಂತೆ. ಕೈಲಾಗಲ್ಲ ಎಂಬ ಮಾತನ್ನು ಕಣ್ಣು ಹೋದಾಗಲೂ ಅವಳು ಆಡಿರಲಿಲ್ಲ, ಪ್ರಮೋದ.

ಒಲೆ ಸುಡುತ್ತದೆಂದು ನೀನು ಒಲೆ ಬಿಡಿಸಿದೆ. ಲಾರಿ ಬರುತ್ತದೆಂದು ಅಂಗಡಿಗೆ ಹೋಗುವುದು ಬಿಡಿಸಿದೆ. ನಾವೆಲ್ಲ ಒಪ್ಪಿದೆವು. ಉಳಿದದ್ದು ಆ ಒಂದು ತಿರುಗಣೆ. ಅವಳಿಗೆ ಆರಾಮ ಮಾಡಿಸಿದೆ ಎಂದು ನೀನು ಪುಣೆಯಲ್ಲಿ ಬೀಗುತ್ತಿರಬಹುದು. ಕಣ್ಣನ್ನು ಸಕ್ಕರೆ ಕಾಯಿಲೆ ಕೇಳದೆ ತೆಗೆದುಕೊಂಡಿತು. ಕಾಯಿಲೆಗೆ ಕೇಳುವ ಬುದ್ಧಿ ಎಲ್ಲಿಂದ ಬರಬೇಕು? ನೀನು ಹೊಟ್ಟೆಯಲ್ಲಿ ಹುಟ್ಟಿದ ಮಗ. ಅಮ್ಮಾ, ಇದು ಬೇಕಾ ಎಂದು ಒಂದು ಮಾತು ಕೇಳಬಹುದಿತ್ತು.

ಗುರುವಾರ ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಜೂಜುವಾಡಿಗೆ ಹೋದೆ. ಎಕ್ಸ್‌ಚೇಂಜಿನ ಮಾಲೆಲ್ಲ ಅಲ್ಲಿ ಸೊಣ್ಣಪ್ಪನ ಗುಜರಿಗೆ ಬರುತ್ತದೆಂದು ಅಂಗಡಿಯವರೇ ಹೇಳಿದ್ದರು. ಲಾರಿಗಳ ಹಿಂದೆ, ಧೂಳಿನಲ್ಲಿ, ಒಂದೇ ಬಣ್ಣಕ್ಕೆ ತಿರುಗಿದ ಐದು ಹಳೆಯ ಮೆಷಿನ್ನುಗಳು ಸಾಲಾಗಿ ನಿಂತಿದ್ದವು. ಯಾವುದು ನಮ್ಮದೆಂದು ಎರಡು ಕಣ್ಣಿದ್ದ ನನಗೆ ತಿಳಿಯಲಿಲ್ಲ. ನಾಳೆ ಎಲ್ಲದರ ಮೋಟಾರು ಬಿಚ್ಚುವುದಿತ್ತು ಎಂದು ಸೊಣ್ಣಪ್ಪ ತಲೆ ಕೆರೆದುಕೊಂಡ. ಅಕ್ಕ ಸೆರಗಿನಿಂದ ಕೈ ಹೊರತೆಗೆದಳು. ಒಂದೊಂದರ ತಿರುಗಣೆಯನ್ನೂ ತಿರುಗಿಸಿ ಕಿವಿಗೊಟ್ಟಳು. ನಾಲ್ಕನೆಯದರಲ್ಲಿ ಹನ್ನೊಂದು ಟಕ್ಕು ಎಣಿಸಿ ನಿಂತಳು.

"ಇದೇ ಕಣ್ಲಾ. ಒಂಬತ್ನೇದ್ರಲ್ಲಿ ಒಸಿ ಎಡವ್ತದೆ ನೋಡು, ನಿಮ್ ಭಾವನ್ ಥರ."

ಸೊಣ್ಣಪ್ಪ ತಾನೇ ಟೆಂಪೋಗೆ ಎತ್ತಿಸಿ, "ಹೊತ್ಕೊಂಡೋಗಿ ಸಾಮಿ, ಆಯಮ್ಮಂದೇ ಅದು" ಎಂದ.

ಈಗ ಅದು ತನ್ನ ಹಳೆಯ ಜಾಗದಲ್ಲಿದೆ. ನಿನ್ನೆ ಸೆಲ್ವಿಯ ಮನೆಯ ಬಟ್ಟೆ ಮತ್ತೆ ಕೆಳಗಿಳಿಯಿತು. ಹೊಸದು ನಡುಮನೆಯಲ್ಲಿ ನಿನ್ನನ್ನು ಕಾಯುತ್ತಿದೆ. ನೀನು ಬಂದ ದಿನ ಕಾಲು ತೊಳೆದು ನೇರ ಅದರ ಮುಂದೆ ನಿಲ್ಲಬೇಕು. ಅದೇ ಕೆಂಪು ಟವೆಲ್ಲನ್ನು ನಿನ್ನ ಕಣ್ಣಿಗೆ ನಾನೇ ಕಟ್ಟುತ್ತೇನೆ. ಒಂದೇ ಒಂದು ಶರಟನ್ನು ತಣ್ಣೀರಿನಲ್ಲಿ ಒಗೆದು ತೋರಿಸು. ತೋರಿಸಿದರೆ ಹಳೆಯದನ್ನು ನಾನೇ ಜೂಜುವಾಡಿಗೆ ಹೊತ್ತುಕೊಂಡು ಹೋಗುತ್ತೇನೆ. ಆಗದಿದ್ದರೆ ಅಮ್ಮನ ಪಕ್ಕ ಮಣೆ ಹಾಕಿಕೊಂಡು ಕೂತು ಟಕ್ಕು ಎಣಿಸುವುದನ್ನು ಕಲಿ.

ಮಗ ಒಳ್ಳೇದಕ್ಕೇ ಮಾಡಿದ, ಬೈಯಬೇಡ ಎಂದು ಅಕ್ಕ ಹೇಳಿದ್ದಾಳೆ. ಅವಳ ಮಾತಿಗೆ ಬೆಲೆ ಕೊಟ್ಟು ಇಷ್ಟಕ್ಕೇ ನಿಲ್ಲಿಸಿದ್ದೇನೆ. ಗುಲಾಬಿ ಶರಟುಗಳಿಗೆ ಇಸ್ತ್ರಿಯಾಗಿದೆ; ಹಾಕಿಕೊಳ್ಳಲೇಬೇಕು.

ಜಪ್ತಿಯಾದ ಆಶೀರ್ವಾದ ಇದೋ, ಬಿಡುಗಡೆ: ನೂರು ವರ್ಷ ಬಾಳು, ಮತ್ತು ನಿನಗೆ ವಯಸ್ಸಾದಾಗ ನಿನ್ನನ್ನು ಕೇಳಿ ಮಾಡುವ ಮಕ್ಕಳು ಹುಟ್ಟಲಿ.

ಇನ್ನೂ ಕೋಪ ಆರದ ನಿನ್ನ ಸೋದರಮಾವ,
ಚಲಪತಿ
ತೊರಪಲ್ಲಿ ಅಗ್ರಹಾರ